ಪದಚರ್ಚೆ: ‘ಇಂಧನ ಮಿಶ್ರಣ’ ಸರಿಯೇ? (ಫಲಕಕ್ಕೆ ಬೇಕು, ತುರ್ತು)

ಮಂಜೇಶ್ವರದಿಂದ:
ಗ್ರಂಥಾಲಯದ ವಿಜ್ಞಾನ ಪ್ರದರ್ಶನಕ್ಕೆ ಆರಡಿ ಅಗಲ, ನಾಲ್ಕಡಿ ಎತ್ತರದ ಫ್ಲೆಕ್ಸ್. ಎಡಕ್ಕೆ ಮಲಯಾಳ, ಬಲಕ್ಕೆ ಕನ್ನಡ. ನಾಳೆ ಬೆಳಗ್ಗೆ ಮುದ್ರಣಕ್ಕೆ ಹೋಗಬೇಕು. ಭಾರತ, ಫ್ರಾನ್ಸ್, ನಾರ್ವೆ ಯಾವುದರಿಂದ ಎಷ್ಟು ಕರೆಂಟ್ ಮಾಡುತ್ತವೆ ಎಂಬ ಮೂರು ಪೈ ನಕ್ಷೆಗಳಿವೆ. ‘ಎನರ್ಜಿ ಮಿಕ್ಸ್’ಗೆ ‘ಇಂಧನ ಮಿಶ್ರಣ’, ಮಲಯಾಳದ ‘ಪುನರುಪಯೋಗ ಊರ್ಜಂ’ ಎಂಬುದಕ್ಕೆ ‘ಪುನರುಪಯೋಗಿ ಇಂಧನ’, ‘ನಾನ್ ಫಾಸಿಲ್’ಗೆ (ಕಲ್ಲಿದ್ದಲು, ಎಣ್ಣೆ, ಅನಿಲ ಬಿಟ್ಟು ಉಳಿದದ್ದಕ್ಕೆ) ‘ಪಳೆಯುಳಿಕೆಯೇತರ’ ಎಂದು ಹಾಕಿದ್ದೇನೆ. ನಡೆಯುತ್ತದೆಯೇ?

ಬದಿಯಡ್ಕದಿಂದ:
‘ಇಂಧನ ಮಿಶ್ರಣ’ ಬೇಡ. ಪೆಟ್ರೋಲಿಗೆ ಶೇ 20 ಎಥನಾಲ್ ಬೆರೆಸುತ್ತಾರಲ್ಲ, ಓದುವವರ ತಲೆಗೆ ಬರುವುದು ಅದು. ನಿಮ್ಮ ನಕ್ಷೆಯಲ್ಲಿರುವುದು ಪಾಲು. ‘ವಿದ್ಯುತ್ ಮೂಲಗಳ ಪಾಲು’ ಅನ್ನಿ. ‘ಶಕ್ತಿ’ ಎಂದೂ ಹಾಕಬೇಡಿ. ನಾರ್ವೆಯ ವಿದ್ಯುತ್ತಿನಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಜಲವಿದ್ಯುತ್ತು. ವಾಹನ, ಹಡಗು, ಕಾರ್ಖಾನೆ ಸೇರಿಸಿ ಒಟ್ಟು ಶಕ್ತಿಯ ಲೆಕ್ಕ ಹಿಡಿದರೆ ಎಣ್ಣೆ, ಅನಿಲ ಒಳಗೆ ಬರುತ್ತವೆ, ನಕ್ಷೆಯೇ ಬದಲಾಗುತ್ತದೆ.
‘ಪುನರುಪಯೋಗಿ’ ಪೂರಾ ತಪ್ಪು, ‘ರಿನ್ಯೂಯೆಬಲ್’ಗೆ ‘ನವೀಕರಿಸಬಹುದಾದ’ ಅನ್ನಿ. ಬಾಟಲಿಯನ್ನು ಮತ್ತೆ ಬಳಸಬಹುದು; ಪ್ಯಾನೆಲ್ ಮೇಲೆ ಬಿದ್ದು ವಿದ್ಯುತ್ತಾದ ಬಿಸಿಲನ್ನು ಮತ್ತೆ ಬಳಸಲಾಗದು. ನಾಳೆ ಹೊಸ ಬಿಸಿಲು ಬರುತ್ತದೆ, ಅಷ್ಟೆ. ಮಲಯಾಳದಲ್ಲಾದ ತಪ್ಪನ್ನು ಕನ್ನಡಕ್ಕೆ ಇಳಿಸುವುದು ಯಾಕೆ?

ಕುಂಬಳೆಯಿಂದ:
‘ಇಂಧನ’ ಎಂಬ ಪದವನ್ನೇ ತೆಗೆಯಿರಿ. ಧಾತು ‘ಇಂಧ್’, ಹೊತ್ತಿಸು ಎಂದು ಅರ್ಥ. ಕಲ್ಲಿದ್ದಲು, ಡೀಸೆಲ್, ಕಬ್ಬಿನ ಸಿಪ್ಪೆ, ಸೆಗಣಿ ಅನಿಲ, ಇವು ಇಂಧನ. ಗಾಳಿ, ಬಿಸಿಲು, ಹರಿಯುವ ನೀರು ಇಂಧನವಲ್ಲ. ಕರ್ನಾಟಕದ ಸರಕಾರಿ ನಿಗಮದ ಹೆಸರಿನಲ್ಲೇ ‘ನವೀಕರಿಸಬಹುದಾದ ಇಂಧನ’ ಇದೆ ಎನ್ನಬೇಡಿ, ಅಲ್ಲಿದ್ದರೂ ತಪ್ಪೇ.
‘ಪಳೆಯುಳಿಕೆಯೇತರ’ ಅದಕ್ಕಿಂತ ಕೆಟ್ಟದು. ಕನ್ನಡ, ಇತರ ಸೇರಿ ‘ಕನ್ನಡೇತರ’ ಆಗುವುದು ಅಕಾರಕ್ಕೆ ಇಕಾರ ಪರವಾದುದರಿಂದ. ಎಕಾರದಲ್ಲಿ ಮುಗಿಯುವ ಪದಕ್ಕೆ ಗುಣಸಂಧಿ ಎಲ್ಲಿಂದ ಬಂತು? ‘ಪಳೆಯುಳಿಕೆ ಅಲ್ಲದ’ ಎಂದು ಬಿಡಿಸಿ ಬರೆಯಿರಿ.

ಪೆರ್ಲದಿಂದ:
‘ನವೀಕರಿಸಬಹುದಾದ’ ಒಂಬತ್ತಕ್ಷರ. ನವೀಕರಣ ಮಾಡುವುದು ರೇಶನ್ ಕಾರ್ಡನ್ನು, ಲೈಸೆನ್ಸನ್ನು. ಬಿಸಿಲನ್ನು ಯಾರು ನವೀಕರಿಸುತ್ತಾರೆ? ‘ಬತ್ತದ ಮೂಲ’ ಎಂದು ಹಾಕಿ. ಕಲ್ಲಿದ್ದಲು, ನೆಲದೆಣ್ಣೆ ‘ಬತ್ತುವ ಮೂಲ’. ಮುಗಿಯಿತು.

ಬದಿಯಡ್ಕದಿಂದ:
ಅದು ‘ಭತ್ತದ ಮೂಲ’ ಎಂದೇ ಕಿವಿಗೆ ಬೀಳುತ್ತದೆ. ಭತ್ತದ ಉಮಿಯಿಂದಲೂ ವಿದ್ಯುತ್ ಮಾಡುತ್ತಾರೆ, ಹಾಗಾಗಿ ಗೊಂದಲ ಗಟ್ಟಿ. ಮೇ ತಿಂಗಳಲ್ಲಿ ಜಲಾಶಯ ಬತ್ತುವುದೂ ಉಂಟು.

ಪೈವಳಿಕೆಯಿಂದ:
ಹೆಸರಿನ ಜಗಳದಲ್ಲಿ ಅಂಕಿಯನ್ನು ಯಾರೂ ನೋಡಲಿಲ್ಲ. ಭಾರತದ ನಕ್ಷೆ ಯಾವುದರದು? 2025ರ ನಡುವಿಗೆ ಸ್ಥಾಪಿತ ಸಾಮರ್ಥ್ಯದಲ್ಲಿ (ಘಟಕಗಳು ಪೂರ್ತಿ ಓಡಿದರೆ ಕೊಡಬಲ್ಲಷ್ಟರಲ್ಲಿ) ಅರ್ಧದಷ್ಟು ಪಳೆಯುಳಿಕೆ ಅಲ್ಲದ ಮೂಲಗಳದ್ದಾಯಿತು, 2030ರ ಗುರಿ ಬೇಗ ಮುಟ್ಟಿತು. ಆದರೆ 2024-25ರ ಉತ್ಪಾದನೆಯಲ್ಲಿ ಕಲ್ಲಿದ್ದಲಿನದೇ ಹತ್ತರಲ್ಲಿ ಏಳು ಪಾಲಿಗಿಂತ ಹೆಚ್ಚು. ಎರಡೂ ನಿಜ. ‘ಸಾಮರ್ಥ್ಯ’ ಎಂದೋ ‘ಉತ್ಪಾದನೆ’ ಎಂದೋ ಬರೆಯದಿದ್ದರೆ ಫಲಕ ಸುಳ್ಳು ಹೇಳುತ್ತದೆ.
ನಮ್ಮ ಕಾಸರಗೋಡು ಜಿಲ್ಲೆಯದ್ದೇ ಲೆಕ್ಕ ಹಾಕಿ. ಅಂಬಲತ್ತರದ ಸೌರ ಪಾರ್ಕ್ 50 ಮೆಗಾವಾಟ್. ಇಡೀ ದಿನ ಪೂರ್ತಿ ಓಡಿದರೆ 12 ಲಕ್ಷ ಯೂನಿಟ್ ಬರಬೇಕು. ರಾತ್ರಿ, ಮೋಡ, ಮಳೆಗಾಲ ಕಳೆದು ವರ್ಷದ ಸರಾಸರಿ ಐದರಲ್ಲೊಂದು ಪಾಲು ಎಂದಿಟ್ಟುಕೊಂಡರೂ ದಿನಕ್ಕೆ 2.4 ಲಕ್ಷ. ಆದ್ದರಿಂದ ಮೆಗಾವಾಟಿನ ನಕ್ಷೆಯ ಪಕ್ಕ ಯೂನಿಟಿನ ನಕ್ಷೆ ಇಡಬೇಡಿ, ಮೂರೂ ದೇಶಕ್ಕೆ ಯೂನಿಟ್ಟೇ ಇರಲಿ.
ಬಣ್ಣವೂ ಎರಡು ಸಾಲದು. ಫ್ರಾನ್ಸಿನ ಮೂರರಲ್ಲಿ ಸುಮಾರು ಎರಡು ಪಾಲು ಅಣುವಿದ್ಯುತ್ತು. ಯುರೇನಿಯಂ ಪಳೆಯುಳಿಕೆಯಲ್ಲ, ನವೀಕರಿಸಬಹುದಾದದ್ದೂ ಅಲ್ಲ. ಮೂರನೆಯ ಬಣ್ಣ ಕೊಡಿ.
ಕೇರಳದ ಸಾಲು ಸೇರಿಸುವುದಾದರೆ ‘ಕೇರಳದಲ್ಲಿ ಉತ್ಪಾದನೆ’ ಎಂದು ಸ್ಪಷ್ಟವಾಗಿರಲಿ. ಇಲ್ಲಿ ಆಗುವುದು ಹೆಚ್ಚಾಗಿ ಜಲವಿದ್ಯುತ್ತು, ಇಡುಕ್ಕಿ ಒಂದೇ 780 ಮೆಗಾವಾಟ್. ನಾವು ಬಳಸುವುದರಲ್ಲಿ ಹೆಚ್ಚಿನ ಪಾಲು ಹೊರಗಿನಿಂದ ಕೊಂಡದ್ದು, ಅದರಲ್ಲಿ ಕಲ್ಲಿದ್ದಲಿನದು ಧಾರಾಳ ಇದೆ.

ಪೆರ್ಲದಿಂದ:
ಅಂಕಿ ಸರಿ. ಆದರೆ ಪದದಲ್ಲಿ ರಾಜಿ ಇಲ್ಲ. ಎಡಕ್ಕೂ ಬಲಕ್ಕೂ ಅದೇ ಸಂಸ್ಕೃತ ಪದ, ಲಿಪಿ ಮಾತ್ರ ಬೇರೆ ಎಂದಾದರೆ, ‘ಮಲಯಾಳ ಒಂದೇ ಸಾಕಲ್ಲ’ ಎಂದು ಹೇಳುವವರಿಗೆ ನಾವೇ ದಾರಿ ಮಾಡಿಕೊಟ್ಟಂತೆ. ಕಾಸರಗೋಡಿನಲ್ಲಿ ಕನ್ನಡ ಫಲಕ ಕನ್ನಡವಾಗಿ ಕಾಣಲೇಬೇಕು.

ಬದಿಯಡ್ಕದಿಂದ:
ಮಾಷ್ಟ್ರೇ, ಫಲಕ ಓದುವುದು ಕನ್ನಡ ಮಾಧ್ಯಮದ ಮಕ್ಕಳು. ಅವರ ಪಾಠದಲ್ಲಿ ಇರುವುದು ‘ನವೀಕರಿಸಬಹುದಾದ’. ಅದನ್ನು ಬಿಟ್ಟು ಹೊಸತು ಹಾಕಿದರೆ ಅವರು ಎಡಗಡೆಯ ಮಲಯಾಳ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ನಿಮ್ಮ ಭಯ ನಿಜವಾಗುವುದು ಹಾಗೆ.

ಮಂಜೇಶ್ವರದಿಂದ:
ಹೀಗೆ ಕಳುಹಿಸುತ್ತಿದ್ದೇನೆ. ಶೀರ್ಷಿಕೆ: ‘ವಿದ್ಯುತ್ ಮೂಲಗಳ ಪಾಲು (ವಾರ್ಷಿಕ ಉತ್ಪಾದನೆ, ಯೂನಿಟ್ ಲೆಕ್ಕದಲ್ಲಿ)’. ಬಣ್ಣಗಳು: ‘ಪಳೆಯುಳಿಕೆ ಇಂಧನ’, ‘ಅಣು’, ‘ನವೀಕರಿಸಬಹುದಾದ ಮೂಲ’. ಕೊನೆಯದರ ಕೆಳಗೆ ಸಣ್ಣಕ್ಷರದಲ್ಲಿ ‘ಬಿಸಿಲು, ಗಾಳಿ, ನೀರು, ಜೈವಿಕ’.

ಕುಂಬಳೆಯಿಂದ:
‘ಮೂಲ’ ಹಾಕಿದ್ದು ಸರಿ. ‘ಜೈವಿಕ’ ಎಂದು ಒಂಟಿಯಾಗಿ ನಿಲ್ಲಿಸಬೇಡಿ, ಅದು ವಿಶೇಷಣ. ‘ಜೈವಿಕ ಇಂಧನ’ ಎನ್ನಿ. ಉರಿಯುವುದು ಅದೊಂದೇ, ಅಲ್ಲಿ ‘ಇಂಧನ’ ಸಲ್ಲುತ್ತದೆ.

ಪೆರ್ಲದಿಂದ:
ನನ್ನ ವಿರೋಧ ಹಾಗೆಯೇ ಇದೆ.