ಪದಚರ್ಚೆ: ಪ್ರಾಡಕ್ಟ್ ಓನರ್ ಎಂದರೆ ಯಜಮಾನನೇ, ಹೊಣೆಗಾರನೇ?

ನನ್ನ ತಂಗಿಯ ಮಗಳು ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಪ್ರಾಡಕ್ಟ್ ಓನರ್ ಹುದ್ದೆಯ ಸಂದರ್ಶನಕ್ಕೆ ಸಿದ್ಧಳಾಗುತ್ತಿದ್ದಾಳೆ. ಕಾಸರಗೋಡಿನಲ್ಲಿ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಸಹಕಾರಿ ಸಂಘಗಳ ಲೆಕ್ಕಪತ್ರದ ತಂತ್ರಾಂಶ ಬಳಸುವವರಿಗೆ ನೆರವಾಗುವ ಕೆಲಸದಲ್ಲಿದ್ದಾಳೆ. ಹೊಸ ಹುದ್ದೆ ಅಡಿಕೆ ಬೆಳೆಗಾರರ ಮೊಬೈಲ್ ಆ್ಯಪ್‌ಗೆ ಸಂಬಂಧಿಸಿದ್ದು. ರೈತರೊಡನೆ ಮಾತನಾಡಬೇಕಾದ್ದರಿಂದ ಸಂದರ್ಶನದ ಒಂದು ಭಾಗ ಕನ್ನಡದಲ್ಲೇ ನಡೆಯುತ್ತದಂತೆ. ಸಮಯ ಕಡಿಮೆ ಇದೆ. ಇಂಗ್ಲಿಷ್ ಪದಗಳನ್ನು ಬಾಯಿಪಾಠ ಮಾಡಿದರೆ ಎರಡನೆಯ ಪ್ರಶ್ನೆಗೇ ತಡವರಿಸಬೇಕಾಗುತ್ತದೆ. ಒಂದೊಂದು ಪದಕ್ಕೂ ಕನ್ನಡದಲ್ಲಿ ಏನನ್ನಬೇಕು ಎಂದು ಹುಡುಕಹೊರಟರೆ ಅರ್ಥವಾಗದೆ ಉಳಿದದ್ದು ಎಲ್ಲಿದೆ ಎಂದು ಬೇಗ ತಿಳಿಯುತ್ತದೆ. ಹಾಗೆ ಹುಡುಕುವಾಗ ಎದ್ದ ಪ್ರಶ್ನೆಗಳನ್ನು ಬಲ್ಲವರ ಮುಂದಿಡುತ್ತಿದ್ದೇನೆ.

ಮೊದಲು ‘ಓನರ್’. ನಮ್ಮ ಕಡೆ ಈ ಮಾತಿಗೆ ಧಣಿ, ಯಜಮಾನ, ಮಾಲೀಕ ಎಲ್ಲವೂ ಇವೆ. ಆದರೆ ಈ ಹುದ್ದೆಯಲ್ಲಿರುವವರು ಉತ್ಪನ್ನದ ಒಡೆತನ ಉಳ್ಳವರಲ್ಲ, ತಂಡದ ಮೇಲಧಿಕಾರಿಯೂ ಅಲ್ಲ. ತಂಡದ ದುಡಿಮೆಯಿಂದ ಬರುವ ಉತ್ಪನ್ನ ಆದಷ್ಟು ಹೆಚ್ಚು ಪ್ರಯೋಜನಕ್ಕೆ ಬರುವಂತೆ ನೋಡಿಕೊಳ್ಳಬೇಕಾದವರು. ಈ ಹುದ್ದೆ ಬಂದದ್ದು ಸ್ಕ್ರಮ್‌ನಿಂದ, ಎಂದರೆ ತಂಡವೊಂದು ಚಿಕ್ಕ ಚಿಕ್ಕ ಸುತ್ತುಗಳಲ್ಲಿ ಉತ್ಪನ್ನ ಕಟ್ಟುವ ಪದ್ಧತಿಯಿಂದ. ಅದರ ಕೈಪಿಡಿಯಾಗಿ ಕೆನ್ ಶ್ವೇಬರ್ ಮತ್ತು ಜೆಫ್ ಸದರ್ಲ್ಯಾಂಡ್ ಬರೆದ ಸ್ಕ್ರಮ್ ಗೈಡ್‌ನ 2020ರ ಆವೃತ್ತಿ ‘ಪಾತ್ರ’ ಎಂಬ ಮಾತನ್ನೇ ಬಿಟ್ಟು ಹೊಣೆಯ ಲೆಕ್ಕದಲ್ಲಿ ಮಾತನಾಡುತ್ತದೆ. ಕೆಲಸವನ್ನು ಬೇರೆಯವರಿಗೆ ವಹಿಸಬಹುದು, ಉತ್ತರ ಹೇಳಬೇಕಾದವರು ಮಾತ್ರ ಇವರೇ. ಹಾಗಾಗಿ ‘ಉತ್ಪನ್ನದ ಹೊಣೆಗಾರ’ ಅಥವಾ ‘ಜವಾಬ್ದಾರ’ ಸರಿ ಎಂದು ನನಗೆ ತೋರುತ್ತದೆ. ಜವಾಬು ಕೊಡಬೇಕಾದವನೇ ಜವಾಬ್ದಾರ ತಾನೆ?

ಇಲ್ಲಿ ಒಂದು ತೊಡಕಿದೆ. ಮರ್ಯಾದೆಗೆ ನಾವು ‘ಹೊಣೆಗಾರರು ನಿರ್ಧರಿಸುತ್ತಾರೆ’ ಎನ್ನುತ್ತೇವೆ. ಕೇಳುವವರಿಗೆ ಅದು ಒಬ್ಬರೋ ಹಲವರೋ ತಿಳಿಯುವುದಿಲ್ಲ. ಪ್ರಾಡಕ್ಟ್ ಓನರ್ ಒಬ್ಬ ವ್ಯಕ್ತಿ, ಸಮಿತಿ ಅಲ್ಲ ಎನ್ನುವುದು ಗೈಡ್‌ನ ಸ್ಪಷ್ಟ ಮಾತು. ತಂಡ ಒಂದು ಗುರಿ ಇಟ್ಟುಕೊಂಡು ದುಡಿಯುವ ಇಂಥ ಒಂದು ಸುತ್ತಿಗೆ ಸ್ಪ್ರಿಂಟ್ ಎನ್ನುತ್ತಾರೆ. ಗುರಿಯೇ ಅಪ್ರಸ್ತುತವಾದಾಗ ಅದನ್ನು ನಡುವೆಯೇ ರದ್ದುಮಾಡುವ ಅಧಿಕಾರವೂ ಆ ಒಬ್ಬರಿಗೇ ಇದೆ. ಸಂದರ್ಶಕರು ಕೆದಕುವುದು ಇಂಥ ಕಡೆಯಲ್ಲೇ. ಆದ್ದರಿಂದ ‘ಒಬ್ಬರೇ’ ಎಂದು ಒತ್ತಿ ಹೇಳಬೇಕೆಂದು ಅವಳಿಗೆ ತಿಳಿಸಿದ್ದೇನೆ.

‘ಬ್ಯಾಕ್‌ಲಾಗ್’ ಇನ್ನೂ ಕಷ್ಟದ್ದು, ಏಕೆಂದರೆ ಅದು ಈಗಾಗಲೇ ಕನ್ನಡದಲ್ಲಿ ಬೇರೂರಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಅದು ಪಾಸಾಗದೆ ಉಳಿದ ವಿಷಯ, ಪತ್ರಿಕೆ ಓದುವವರಿಗೆ ಮೀಸಲಾತಿಯಲ್ಲಿ ಭರ್ತಿಯಾಗದೆ ಉಳಿದ ಹುದ್ದೆ. ಎರಡರಲ್ಲೂ ಆಗಬೇಕಾಗಿದ್ದು ಆಗಿಲ್ಲವೆಂಬ ಭಾವವಿದೆ. ‘ಬಾಕಿ ಪಟ್ಟಿ’ ಎಂದರೂ ಸಾಲದ ವಾಸನೆ ಬರುತ್ತದೆ. ಪ್ರಾಡಕ್ಟ್ ಬ್ಯಾಕ್‌ಲಾಗ್‌ನಲ್ಲಿ ಆ ಅರ್ಥವಿಲ್ಲ. ಉತ್ಪನ್ನವನ್ನು ಸುಧಾರಿಸಲು ಮುಂದೆ ಏನೇನು ಬೇಕು ಎಂಬುದನ್ನು ಸರದಿಯಲ್ಲಿ ಜೋಡಿಸಿ, ತಿಳಿವಳಿಕೆ ಹೆಚ್ಚಿದಂತೆ ತಿದ್ದುತ್ತ ಹೋಗುವ ಪಟ್ಟಿ ಅದು. ‘ಆದ್ಯತಾ ಪಟ್ಟಿ’ ಎಂಬ ಸಲಹೆ ಬಂದಿತ್ತು. ನನಗೆ ಒಪ್ಪಿಗೆಯಿಲ್ಲ. ಹತ್ತು ಕೆಲಸಗಳಿಗೂ ‘ಮೊದಲ ಆದ್ಯತೆ’ ಎಂದು ಬರೆಯಬಹುದು, ನಮ್ಮ ಕಚೇರಿಗಳಲ್ಲಿ ಬರೆಯುತ್ತಲೂ ಇದ್ದೇವೆ. ಸರದಿಯಲ್ಲಿ ಮೊದಲು ನಿಲ್ಲುವುದು ಒಂದೇ. ‘ಸರದಿ ಪಟ್ಟಿ’ ಎಂದರೆ ಹೇಗೆ?

‘ಸ್ಪ್ರಿಂಟ್’ಗೆ ಯಾರೋ ‘ಅವಧಿ’ ಎಂದು ಬಳಸಿದ್ದನ್ನು ಓದಿದೆ. ಮೈಸೂರಿನವರಿಗೆ ಸರಿಯೇ ಇರಬಹುದು. ಕಾಸರಗೋಡಿನಲ್ಲಿ ಮಲಯಾಳ ಕೇಳುತ್ತ ಬೆಳೆದವರಿಗೆ ಅವಧಿ ಎಂದರೆ ರಜೆ! ಒಂದು ತಿಂಗಳು ಅಥವಾ ಅದಕ್ಕಿಂತ ಕಡಿಮೆ ದಿನಗಳ ದುಡಿಮೆಗೆ ಆ ಹೆಸರು ಇಲ್ಲಿ ಒಗ್ಗುವುದಿಲ್ಲ. ಸ್ಪ್ರಿಂಟ್ ಎಂದೇ ಇರಲಿ.

ಆದರೆ ‘ಟೈಮ್‌ಬಾಕ್ಸ್’ಗೆ ನಮ್ಮಲ್ಲಿ ಹೇಳಿಮಾಡಿಸಿದ ಪದವಿದೆ: ಕಾಲಮಿತಿ. ಕಾಲಮಿತಿ ಯಕ್ಷಗಾನ ನೋಡಿದವರಿಗೆ ವಿವರಣೆಯೇ ಬೇಡ. ಇರುಳಿಡೀ ಆಡುತ್ತಿದ್ದ ಪ್ರಸಂಗವನ್ನು ಕೆಲವೇ ತಾಸುಗಳಿಗೆ ಇಳಿಸುವಾಗ ಭಾಗವತರು ಮಂಗಳ ಹಾಡುವ ಹೊತ್ತನ್ನು ಮುಂದೂಡುವುದಿಲ್ಲ. ಒಡ್ಡೋಲಗ ಕಿರಿದಾಗುತ್ತದೆ, ಕೆಲವು ಪದ್ಯಗಳು ಬಿಟ್ಟುಹೋಗುತ್ತವೆ, ಅರ್ಥ ಚುಟುಕಾಗುತ್ತದೆ, ಆದರೂ ಕಥೆ ತುದಿ ಮುಟ್ಟಬೇಕು. ಸ್ಪ್ರಿಂಟ್‌ನಲ್ಲಿಯೂ ಹೊತ್ತು ಸ್ಥಿರ, ಗುರಿ ಸ್ಥಿರ, ಅದರೊಳಗಿನ ಕೆಲಸದ ಹರವು ಮಾತ್ರ ಹಿಗ್ಗಬಹುದು, ಕುಗ್ಗಬಹುದು. ದಿನದ ಸಭೆಗೆ 15 ನಿಮಿಷ, ಒಂದು ತಿಂಗಳ ಸ್ಪ್ರಿಂಟ್‌ನ ಯೋಜನಾ ಸಭೆಗೆ ಹೆಚ್ಚೆಂದರೆ 8 ಗಂಟೆ ಎಂಬ ನಿಯಮಗಳ ಹಿಂದಿನ ತರ್ಕವೂ ಇದೇ.

ಸ್ಕ್ರಮ್‌ನಂಥ ಪದ್ಧತಿಗಳಿಗೆಲ್ಲ ಒಟ್ಟು ಹೆಸರು ‘ಅಜೈಲ್’. ಅದಕ್ಕೆ ‘ಚುರುಕು’ ಎಂದರೆ ಬೇಗ ಕೆಲಸ ಮುಗಿಸುವುದೆಂದೇ ಎಲ್ಲರೂ ತಿಳಿಯುತ್ತಾರೆ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದಲ್ಲಿ 17 ಮಂದಿ ಸೇರಿ ಬರೆದ ಅಜೈಲ್ ಪ್ರಣಾಳಿಕೆಯ ಜೀವಾಳ ವೇಗವಲ್ಲ. ಹಾಕಿಕೊಂಡ ಯೋಜನೆಗೆ ಜೋತುಬೀಳುವುದಕ್ಕಿಂತ ಬದಲಾವಣೆಗೆ ಸ್ಪಂದಿಸುವುದಕ್ಕೆ ಹೆಚ್ಚು ಬೆಲೆ ಎನ್ನುವುದು ಅದರ ನಾಲ್ಕು ಮೌಲ್ಯಗಳಲ್ಲಿ ಒಂದು. ಇದಕ್ಕೆ ಹೊಂದುವ ಒಂದೇ ಪದ ನನಗೆ ಸಿಕ್ಕಿಲ್ಲ.

ಬಳಸುವವರಿಗೆ ಏನು ಬೇಕೆಂದು ಬರೆದಿಡುವ ಚಿಕ್ಕ ಟಿಪ್ಪಣಿಯೇ ‘ಯೂಸರ್ ಸ್ಟೋರಿ’. ಅದರಲ್ಲಿ ಪದಕ್ಕಿಂತ ವಾಕ್ಯದ ಚರ್ಚೆ ಮುಖ್ಯ. (ಇದು ಸ್ಕ್ರಮ್ ಗೈಡ್‌ನಲ್ಲಿ ಇಲ್ಲ, ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂಬ ಇನ್ನೊಂದು ಅಜೈಲ್ ಪದ್ಧತಿಯಿಂದ ಬಂದದ್ದು ಎನ್ನುವುದನ್ನೂ ಅವಳು ನೆನಪಿಟ್ಟುಕೊಳ್ಳಬೇಕು.) ಯಾರಿಗೆ, ಏನು, ಏಕೆ ಎಂಬ ಮೂರನ್ನೂ ಒಂದೇ ವಾಕ್ಯದಲ್ಲಿ ಹೇಳಬೇಕು. ಅವಳು ಮೊದಲು ಬರೆದದ್ದು: ‘ಒಬ್ಬ ಬೆಳೆಗಾರನಾಗಿ ನಾನು ಇಂದಿನ ದರವನ್ನು ನೋಡಲು ಬಯಸುತ್ತೇನೆ, ಅದರಿಂದ ನಾನು ನಿರ್ಧರಿಸಬಹುದು.’ ಬದಿಯಡ್ಕದ ಯಾವ ಬೆಳೆಗಾರನೂ ಹೀಗೆ ಮಾತನಾಡುವುದಿಲ್ಲ. ಕನ್ನಡದಲ್ಲಿ ‘ಬೇಕು’ ಎಂಬುದಕ್ಕೆ ಚತುರ್ಥಿಯೇ ಸಹಜ, ಉದ್ದೇಶ ಮೊದಲೇ ಬರುತ್ತದೆ. ತಿದ್ದಿದ ಮೇಲೆ ಹೀಗಾಯಿತು: ‘ಜೀಪು ಬಾಡಿಗೆಗೆ ಹಿಡಿದು ಅಡಿಕೆ ಒಯ್ಯುವುದೋ ಬೇಡವೋ ಎಂದು ಮನೆಯಲ್ಲೇ ತೀರ್ಮಾನಿಸಲು ಬೆಳೆಗಾರನಿಗೆ ಅಂದಿನ ದರ ಮೊಬೈಲಿನಲ್ಲಿ ಕಾಣಬೇಕು.’ ಅದರ ಕೆಳಗೆ ಒಪ್ಪಿಗೆಯ ಷರತ್ತುಗಳು, ಎಂದರೆ ಕೆಲಸ ಸರಿಯಾಗಿ ಆಯಿತೆಂದು ಒಪ್ಪಲು ಇರಬೇಕಾದವು: ಹೊಸ ಅಡಿಕೆ, ಹಳೆ ಅಡಿಕೆ, ಪಟೋರಗಳ ದರ ಬೇರೆ ಬೇರೆ ಕಾಣಬೇಕು, ನೆಟ್‌ವರ್ಕ್ ಇಲ್ಲದಾಗ ಕೊನೆಗೆ ಸಿಕ್ಕಿದ ದರವನ್ನು ಅದರ ದಿನಾಂಕದೊಡನೆ ತೋರಿಸಬೇಕು. ಆ ವಾಕ್ಯ ಬರೆದ ಮೇಲೆ ಅವಳಿಗೆ ಈ ವಿಷಯ ಮತ್ತೆ ಹೇಳಿಕೊಡಬೇಕಾಗಲಿಲ್ಲ. ‘ಬಳಕೆದಾರರ ಕಥೆ’ ಎನ್ನಲು ಮಾತ್ರ ಮನಸ್ಸು ಬರುವುದಿಲ್ಲ, ನಮ್ಮಲ್ಲಿ ಕಥೆಯನ್ನು ಕಟ್ಟುತ್ತಾರೆ. ‘ಬಳಕೆದಾರರ ಅಗತ್ಯ’ ಸಾಕೆ?

ಉಳಿದವು ಎರಡು. ‘ಇನ್‌ಕ್ರಿಮೆಂಟ್’ ಎಂದರೆ ನೌಕರರಿರುವ ಮನೆಗಳಲ್ಲಿ ಸಂಬಳದ ಏರಿಕೆಯೇ. ಬಳಕೆಗೆ ಸಿದ್ಧವಾಗಿ ಉತ್ಪನ್ನಕ್ಕೆ ಸೇರಿದ ಭಾಗಕ್ಕೆ ಬೇರೆ ಪದ ಬೇಕು. ‘ಸ್ಟೇಕ್‌ಹೋಲ್ಡರ್’ಗೆ ‘ಪಾಲುದಾರ’ ಎಂದರೆ ಲಾಭದಲ್ಲಿ ಪಾಲು ಕೇಳುವವನಾಗುತ್ತಾನೆ, ‘ಹಿತಾಸಕ್ತ’ ಎಂದರೆ ಪಟ್ಟಭದ್ರರ ನೆನಪಾಗುತ್ತದೆ. ‘ಸಂಬಂಧಪಟ್ಟವರು’ ಎಂದು ಸದ್ಯಕ್ಕೆ ಬರೆಸಿದ್ದೇನೆ. ಸಹಕಾರಿ ಸಂಘಗಳ ಕಡತಗಳಲ್ಲಿ ಇವೆರಡಕ್ಕೆ ಬೇರೆ ಮಾತು ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ. ಸಂದರ್ಶನ ಬರುವ ವಾರವೇ ಇದೆ.