ಸಹಾಯ ಬೇಕು: 1983ರ ಜೂನ್ 26, 27ರ ಕನ್ನಡ ಪತ್ರಿಕೆಗಳ ಮುಖಪುಟ

ಕಪಿಲ್ ಪಡೆ ಲಾರ್ಡ್ಸ್‌ನಲ್ಲಿ ಕ್ರಿಕೆಟ್ ವಿಶ್ವಕಪ್ ಗೆದ್ದ ದಿನದ ತಲೆಬರಹಗಳನ್ನು ಸೇರಿಸಿ, ನಗುತ್ತಾ ಓದುವಂಥ ಗೋಡೆ ಪ್ರದರ್ಶನ ಮಾಡುತ್ತಿದ್ದೇವೆ. ಅಟ್ಟದಲ್ಲೋ ಟ್ರಂಕಿನ ತಳದಲ್ಲೋ ಆ ಪತ್ರಿಕೆ ಇದ್ದರೆ ದಯವಿಟ್ಟು ಫೋಟೊ ಕಳಿಸಿ.

25ರ ಶನಿವಾರ ಪಂದ್ಯ ಮುಗಿದಾಗ ನಮ್ಮಲ್ಲಿ ಹೆಚ್ಚುಕಡಿಮೆ ನಡುರಾತ್ರಿ. ದೂರದ ಊರುಗಳ ಆವೃತ್ತಿ ಅದಕ್ಕೂ ಮೊದಲೇ ಅಚ್ಚಿಗೆ ಹೋಗುತ್ತಿತ್ತು. ಹಾಗಾಗಿ ನಗರದ ಆವೃತ್ತಿ 43 ರನ್ ಗೆಲುವಿಗೆ ಕುಣಿಯುತ್ತಿದ್ದರೆ, ಅದೇ ಪತ್ರಿಕೆಯ ಜಿಲ್ಲಾ ಆವೃತ್ತಿ 183ಕ್ಕೆ ಆಲೌಟಾದ ಸೂತಕದಲ್ಲೇ ಇರಬಹುದು. ನಮಗೆ ಆ ಸೂತಕದ ಪುಟವೇ ಹೆಚ್ಚು ಬೇಕು!

ಹಳೇ ನ್ಯೂಸ್‌ಪ್ರಿಂಟ್‌ನಲ್ಲಿ ಆಮ್ಲ ಹೆಚ್ಚಿ ಕಾಗದ ಹಪ್ಪಳದಂತಾಗಿರುತ್ತದೆ, ಮಡಿಕೆಯಲ್ಲೇ ಮುರಿಯುತ್ತದೆ. ನಿಧಾನಕ್ಕೆ ಬಿಚ್ಚಿ. ಇಸ್ತ್ರಿ, ಸೆಲೊಟೇಪ್, ಲ್ಯಾಮಿನೇಷನ್ ಯಾವುದೂ ಬೇಡ. ಅಡಿಗೆ ಕಪ್ಪು ಹಾಳೆ ಇಟ್ಟರೆ ಹಿಂಬದಿಯ ಅಕ್ಷರ ಇತ್ತ ಮೂಡುವುದಿಲ್ಲ. ಫ್ಲಾಶ್ ಬೇಡ, ಕಿಟಕಿ ಬೆಳಕು ಸಾಕು. ಮೊಬೈಲ್ ನೇರ ಮೇಲಿರಲಿ. ಸ್ಕ್ಯಾನ್ ಮಾಡುವವರು 400 ಡಿಪಿಐ, ಬಣ್ಣದಲ್ಲಿ ಮಾಡಿ.

ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿಯೇ ಕಳಿಸಿ. ಫೋಟೊ ಆಗಿ ಕಳಿಸಿದರೆ ಸಣ್ಣ ಅಕ್ಷರ ಕಲಸಿಹೋಗುತ್ತದೆ. ತಲೆಬರಹವನ್ನಷ್ಟೇ ಕತ್ತರಿಸಬೇಡಿ. ದಿನಾಂಕ, ಆವೃತ್ತಿಯ ಊರು, ಪಕ್ಕದ ಜಾಹೀರಾತು ಎಲ್ಲ ಇರಲಿ. ಅರ್ಧ ತಮಾಷೆ ಇರುವುದೇ ಜಾಹೀರಾತಿನಲ್ಲಿ.