ಕರಾವಳಿ ಹಿತ್ತಿಲಿನಲ್ಲಿ ಆಪಲ್ ಗಿಡ: ಪ್ರಶ್ನೋತ್ತರ

ನಿರ್ವಾಹಕರು: ಈ ವಾರ ಆಪಲ್ ಗಿಡದ ಬಗ್ಗೆ ಮಾತ್ರ ಕೇಳಿ. ತೋಟಗಾರಿಕೆ ಸಲಹೆಗಾರರಾದ ಮೇಡಂ ಉತ್ತರಿಸುತ್ತಾರೆ. ಹೆಸರಿನ ಬದಲು ಊರು ಹಾಕಿದರೆ ಸಾಕು.

ಕಾಪು: ನಮಸ್ತೆ ಮೇಡಂ. ನರ್ಸರಿಯವರು ಎಚ್‌ಆರ್‌ಎಂಎನ್-99 ಗಿಡ ಕೊಟ್ಟು, ಮೂರನೇ ವರ್ಷಕ್ಕೆ ಬುಟ್ಟಿ ತುಂಬ ಹಣ್ಣು ಅಂದರು. ನಂಬಬಹುದಾ?

ಮೇಡಂ: ನಮಸ್ತೆ. ತಳಿ ಒಳ್ಳೆಯದೇ, ಬುಟ್ಟಿಯ ಮಾತು ಮಾತ್ರ ನಂಬಬೇಡಿ. ಹಿಮಾಚಲದ ಬಿಲಾಸ್‌ಪುರ ಜಿಲ್ಲೆಯ ರೈತ ಹರಿಮನ್ ಶರ್ಮಾ ಇದನ್ನು ಬೆಳೆಸಿದವರು. 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬೇಸಿಗೆಯ ಸೆಕೆಯನ್ನು ಈ ಗಿಡ ತಡೆಯುತ್ತದೆ. ಆದರೆ ಅಲ್ಲಿ ಸರಿಯಾದ ಚಳಿಗಾಲ ಉಂಟು. ಮೊಗ್ಗು ಒಡೆಯಲು ಕಾಶ್ಮೀರದ ಮಾಮೂಲಿ ತಳಿಗಳಿಗೆ 7 ಡಿಗ್ರಿಗಿಂತ ಕೆಳಗಿನ ಚಳಿ ಸುಮಾರು ಸಾವಿರ ಗಂಟೆ ಬೇಕು. ಕಡಿಮೆ ಚಳಿಯ ಅನ್ನಾ ತಳಿಗೂ 200–300 ಗಂಟೆ ಅಂತ ಲೆಕ್ಕ. ನಮ್ಮಲ್ಲಿ ಜನವರಿಯ ಬೆಳಗಿನ ಜಾವವೂ 20 ಡಿಗ್ರಿ ಆಸುಪಾಸು. ಒಂದು ಗಂಟೆಯೂ ಸಿಗುವುದಿಲ್ಲ. ಗಿಡ ಬದುಕುತ್ತದೆ, ಕೆಲವೊಮ್ಮೆ ಹೂ ಬಿಡುತ್ತದೆ, ನಾಲ್ಕು ಕಾಯಿ ನಿಂತರೆ ಸಂತೋಷಪಡಿ. ಆಸೆಗೆ ಒಂದು ಇಡಿ. ಅದಕ್ಕಾಗಿ ಫಲ ಕೊಡುವ ಮರ ಕಡಿಯಬೇಡಿ.

ಕದ್ರಿ: ಟೆರೇಸಿನಲ್ಲಿ ಕುಂಡದಲ್ಲಿ ಬರುತ್ತಾ ಮೇಡಂ?

ಮೇಡಂ: ನಮ್ಮ ಮಳೆಗೆ ಕುಂಡವೇ ಮೇಲು. 20 ಇಂಚಿನದ್ದು ಅಥವಾ ಅರ್ಧ ಡ್ರಮ್ ತಗೊಳ್ಳಿ. ತಳಕ್ಕೆ ತೂತು ಜಾಸ್ತಿ ಇರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ನೇರ ಬೀಳದ, ಆದರೆ ಬೆಳಕಿರುವ ಕಡೆ ಸರಿಸಿ ಇಡಿ.

ಮೂಡುಬಿದಿರೆ: ಅಂಗಡಿ ಹಣ್ಣಿನ ಬೀಜ ಫ್ರಿಜ್‌ನಲ್ಲಿಟ್ಟು ಮೊಳಕೆ ಬಂದಿದೆ. ಕಾಯಿ ಯಾವಾಗ?

ಮೇಡಂ: ಬೀಜದ ಗಿಡ ತಾಯಿಯ ಹಾಗೆ ಬರುವುದಿಲ್ಲ. ಕಸಿ ಗಿಡ ತನ್ನಿ.

ಕಾರ್ಕಳ: ಮೇಡಂ, ನಮ್ಮದು ನೆಲದಲ್ಲಿಟ್ಟ ಗಿಡ, ಆಳೆತ್ತರ ಬಂದಿದೆ. ಫೆಬ್ರವರಿಯಲ್ಲಿ ಹೂವೂ ಬಂದಿತ್ತು. ಈಗ ಆಟಿಯ ಮಳೆ ಮುಗಿಯುವಷ್ಟರಲ್ಲಿ ಒಂದು ಬದಿಯ ಎಲೆ ಮಾತ್ರ ಹಳದಿ. ಬುಡದಲ್ಲಿ ತೊಗಟೆ ಒದ್ದೆಯಾಗಿ ಕಂದು ನೀರು ಒಸರುತ್ತಿದೆ. ಮಳೆಗೆ ಮೊದಲು ಹಟ್ಟಿಗೊಬ್ಬರ, ತರಗೆಲೆ ಒಟ್ಟಿ ಬುಡ ಮುಚ್ಚಿದ್ದೆವು. ಸಾರಜನಕ ಕಮ್ಮಿಯಾ? ಯೂರಿಯಾ ಹಾಕಲಾ?

ಮೇಡಂ: ಯೂರಿಯಾ ಹಾಕಬೇಡಿ. ಇವತ್ತಿನ ಪ್ರಶ್ನೆಗಳಲ್ಲಿ ನನಗೆ ಚಿಂತೆ ಹಿಡಿಸಿದ್ದು ಇದೊಂದೇ. ಗೊಬ್ಬರ ಕಮ್ಮಿಯಾದರೆ ಇಡೀ ಗಿಡ ಬಿಳಿಚುತ್ತದೆ. ಒಂದೇ ಬದಿ ಹಳದಿ, ಬುಡದಲ್ಲಿ ಒಸರು ಅಂದರೆ ಬುಡ ಕೊಳೆಯುತ್ತಿದೆ. ಇದನ್ನು ತರುವ ರೋಗಾಣುವಿಗೆ ಫೈಟಾಫ್ತೊರಾ ಅಂತ ಹೆಸರು. ನಿಮ್ಮ ಅಡಿಕೆಗೆ ಕೊಳೆರೋಗ ತರುವುದೂ ಇದೇ ಜಾತಿಯದ್ದು. ನೀರು ನಿಂತ ಮಣ್ಣಿನಲ್ಲಿ ಇದು ಈಜಿ ಬಂದು ತೊಗಟೆ ಹಿಡಿಯುತ್ತದೆ. ನಮ್ಮಲ್ಲಿ ಸೇಬಿನ ಗಿಡ ಚಳಿ ಸಿಗದೆ ಸಾಯುವುದಿಲ್ಲ, ಹೀಗೆ ಮಳೆಗಾಲದಲ್ಲಿ ಸಾಯುತ್ತದೆ.

ಮೊದಲು ಒಟ್ಟಿದ್ದನ್ನೆಲ್ಲ ಬುಡದಿಂದ ಒಂದು ಮೊಳ ದೂರ ಎಳೆಯಿರಿ. ಕಸಿ ಕಟ್ಟಿದ ಗಂಟು ಕಾಣಬೇಕು. ಅದು ಮಣ್ಣಿನೊಳಗೆ ಹೋಗಿದ್ದರೆ ಮಣ್ಣು ಬಿಡಿಸಿ. ಹರಿತ ಚಾಕುವಿನಿಂದ ಒಸರುವ ಜಾಗವನ್ನು ಮೆತ್ತಗೆ ಕೆರೆಯಿರಿ. ಒಳಗೆ ಹಸಿರು-ಬಿಳಿ ಇದ್ದರೆ ಜೀವ ಉಂಟು. ಕಂದು ಇದ್ದರೆ ಸತ್ತ ಭಾಗ. ಒಳ್ಳೆ ತೊಗಟೆ ಸಿಗುವವರೆಗೆ ಕೆತ್ತಿ ತೆಗೆಯಿರಿ. ತೆಗೆದ ಚೂರನ್ನು ಅಲ್ಲೇ ಎಸೆಯಬೇಡಿ, ಸುಡಿ. ಸುತ್ತ ತಗಡೋ ಟಾರ್ಪಾಲೋ ಕಟ್ಟಿ ಎರಡು ದಿನ ಗಾಳಿಗೆ ಒಣಗಲು ಬಿಡಿ.

ಆಮೇಲೆ ಬೋರ್ಡೋ ಪೇಸ್ಟ್. 100 ಗ್ರಾಂ ಮೈಲುತುತ್ತು (ತಾಮ್ರದ ಸಲ್ಫೇಟ್) ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣ ಇನ್ನರ್ಧ ಲೀಟರಿನಲ್ಲಿ, ಪ್ಲಾಸ್ಟಿಕ್ ಬಕೆಟಿನಲ್ಲೇ ಕಲಸಿ. ಮೈಲುತುತ್ತಿನ ನೀರನ್ನು ಸುಣ್ಣಕ್ಕೆ ಹೊಯ್ಯಬೇಕು. ಕಬ್ಬಿಣದ ಚಾಕು ಅದ್ದಿ ನೋಡಿ. ಕೆಂಪು ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಗಾಯಕ್ಕೂ ಬುಡದಿಂದ ಒಂದೂವರೆ ಅಡಿವರೆಗೂ ಬಳಿಯಿರಿ. ಬುಡದ ಮಣ್ಣಿಗೆ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಕಲಸಿ ಹೊಯ್ಯಿರಿ. ನೀರು ಹರಿದು ಹೋಗಲು ಚರಂಡಿ ಮಾಡಿ. ಕೆಳಗೆ ಮುರಕಲ್ಲು ಇದ್ದರೆ ಗುಂಡಿ ಬಟ್ಟಲಿನ ಹಾಗೆ ನೀರು ಹಿಡಿಯುತ್ತದೆ. ಕೆರೆದು ಒಳಗಿನ ಬಣ್ಣದ ಫೋಟೋ ಹಾಕಿ. ಇವತ್ತೇ.

ಸುರತ್ಕಲ್: ಫಾರ್ವರ್ಡ್ ಮಾಡಿದ್ದು: ‘ದಿನಾ ರಾತ್ರಿ ಬುಡಕ್ಕೆ ಐಸ್ ಕ್ಯೂಬ್, ವಾರಕ್ಕೊಮ್ಮೆ ಎಪ್ಸಮ್ ಉಪ್ಪು ಹಾಕಿದರೆ ಗಿಡಕ್ಕೆ ಕಾಶ್ಮೀರದ ಚಳಿ. ಎಲ್ಲರಿಗೂ ಹಂಚಿ.’

ಮೇಡಂ: ಹಂಚಬೇಡಿ. ಚಳಿ ತಟ್ಟಬೇಕಾದ್ದು ಕೊಂಬೆಯ ಮೊಗ್ಗಿಗೆ, ಬೇರಿಗಲ್ಲ. ಐಸ್ ಕರಗಿ ಬುಡ ಒದ್ದೆಯಾಗುತ್ತದೆ, ಅಷ್ಟೇ. ಕಾರ್ಕಳದವರ ಗಿಡಕ್ಕೆ ಆದದ್ದನ್ನು ಮೇಲೆ ಓದಿ.

ಹೆಬ್ರಿ: ಮೇಡಂ ಮೈಲುತುತ್ತು ಹೇಳಿದ್ದು ಬೇಸರ ಆಯಿತು. ಮನೆಯ ಹಣ್ಣಿಗೂ ರಾಸಾಯನಿಕವಾ? ಮಜ್ಜಿಗೆ, ಗಂಜಲ ಸಾಕು.

ಬಂಟ್ವಾಳ: ಅಕ್ಕ, ನಿಮ್ಮ ಅಡಿಕೆಗೆ ಮಜ್ಜಿಗೆ ಬಿಡುತ್ತೀರಾ? ಮೈಲುತುತ್ತಿನ ಮದ್ದು ಬಿಡದ ವರ್ಷ ನಮ್ಮಲ್ಲಿ ಗೊನೆ ಗೊನೆಯೇ ಉದುರಿತ್ತು.

ಹೆಬ್ರಿ: ವರ್ಷ ವರ್ಷ ಬಿಟ್ಟು ತೋಟದ ಮಣ್ಣಿನಲ್ಲಿ ತಾಮ್ರ ತುಂಬಿದ್ದು ಯಾರ ಲೆಕ್ಕ? ಎರೆಹುಳ ಕಾಣುತ್ತದಾ ನಿಮ್ಮಲ್ಲಿ?

ಬಂಟ್ವಾಳ: ಸಾಲದ ಕಂತು ಎರೆಹುಳ ಕಟ್ಟುವುದಿಲ್ಲ ಮಾರಾಯ್ರೆ.

ಪಡುಬಿದ್ರಿ: ಕಡಲ ಬದಿಯ ಉಪ್ಪುಗಾಳಿಗೆ ಆಪಲ್ ತಡೆಯುತ್ತದಾ?

ಹೆಬ್ರಿ: ಸಾಲದ ಮಾತು ಎಲ್ಲಿಂದ ಬಂತು? ನಾನು ಮಣ್ಣಿನ ಬಗ್ಗೆ ಹೇಳಿದ್ದು.

ಮೇಡಂ: ಇಬ್ಬರೂ ಸ್ವಲ್ಪ ನಿಲ್ಲಿಸಿ. ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ, ಹೆಬ್ರಿಯವರು ಹೇಳಿದ್ದು ಸರಿ. ಒಂದು ಗಿಡದ ಗಾಯಕ್ಕೆ ಬಳಿಯುವುದು ಬೇರೆ ಮಾತು. ಮಜ್ಜಿಗೆಯಿಂದ ಬುಡಕೊಳೆ ನಿಲ್ಲುವುದಿಲ್ಲ.

ಕುಂದಾಪುರ: ಒಂದೇ ಗಿಡ ಸಾಕಾ?

ಮೇಡಂ: ಅನ್ನಾ ಆದರೆ ಜೊತೆಗೆ ಡಾರ್ಸೆಟ್ ಗೋಲ್ಡನ್ ತಳಿಯ ಗಿಡವೂ ಬೇಕು, ಪರಾಗಕ್ಕೆ.

ಮಣಿಪಾಲ: ವಿಜಯಪುರದ ದ್ರಾಕ್ಷಿ ತೋಟದ ನಮ್ಮ ಭಾವ ಹೈಡ್ರೋಜನ್ ಸಯನಮೈಡ್ ಒಂದು ಬಾಟಲಿ ಕೊಟ್ಟಿದ್ದಾರೆ. ಚಳಿ ಇಲ್ಲದಿದ್ದರೂ ಇದು ಮೊಗ್ಗು ಒಡೆಸುತ್ತದಂತೆ. ಎಷ್ಟು ಹಾಕಲಿ?

ಮೇಡಂ: ಹಾಕಲೇ ಬೇಡಿ. ದ್ರಾಕ್ಷಿಯವರು ಚಾಟಣಿಯ (ಕೊಂಬೆ ಸವರುವುದು) ನಂತರ ಕೈಗವಸು ಹಾಕಿಕೊಂಡು ಹಚ್ಚುವ ವಿಷ ಅದು. ಚರ್ಮದಿಂದಲೇ ಒಳಗೆ ಹೋಗುತ್ತದೆ. ಹಚ್ಚಿದ ಮೇಲೆ ಸ್ವಲ್ಪ ಮದ್ಯ ಸೇವಿಸಿದರೂ ಜೀವಕ್ಕೆ ಕುತ್ತು. ಅಂಗಳದಲ್ಲಿ ಬಾವಿ ಉಂಟು, ಮಕ್ಕಳಿದ್ದಾರೆ. ಬಾಟಲಿಗೆ ಬೀಗ ಹಾಕಿ ಭಾವನಿಗೇ ವಾಪಸ್ ಕೊಡಿ. ಬೇರೆ ಬಾಟಲಿಗೆ ಸುರಿಯಬೇಡಿ. ನಿಮಗೆ ಬೇಕಾದ ದಾರಿ ಕೈಯಲ್ಲೇ ಇದೆ. ಇಂಡೋನೇಷ್ಯಾದ ಜಾವಾದಲ್ಲಿ ಬಾತು ಅನ್ನುವ ಊರಿನ ರೈತರು ಕೊಯ್ಲಾದ ಮೇಲೆ ಎಲೆಯನ್ನೆಲ್ಲ ಕೈಯಿಂದ ಕೀಳುತ್ತಾರೆ. ಮೊಗ್ಗು ಗಾಢ ನಿದ್ದೆಗೆ ಜಾರುವ ಮೊದಲೇ ಒಡೆಯುತ್ತದೆ. ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. ಅದು ಬೆಟ್ಟದ ಊರು, ನಮ್ಮಷ್ಟು ಸೆಕೆ ಇಲ್ಲ. ಆದರೂ ಮಳೆ ನಿಂತು, ಕೊಂಬೆ ಬಲಿತ ಮೇಲೆ ನವೆಂಬರಿನಲ್ಲಿ ಮಾಡಿ ನೋಡಬಹುದು.

ಬಜ್ಪೆ: ಕುಂಡದಲ್ಲಿ ಆಗುತ್ತಾ?

ಮೇಡಂ: ಮೇಲೆ ಹೇಳಿದ್ದೇನೆ.

ಸುರತ್ಕಲ್: ಐಸ್ ಬೇಡ ಅಂದರೆ ಬುಡಕ್ಕೆ ತಣ್ಣೀರು ಬಟ್ಟೆ ಸುತ್ತಬಹುದಾ? ಇನ್ನೊಂದು ವಿಡಿಯೋ ಬಂದಿದೆ.

ಮೇಡಂ: ಬೇಡ. ವಿಡಿಯೋ ಕಳಿಸುವುದು ನಿಲ್ಲಿಸಿ.

ಉಡುಪಿ: ಮೇಡಂ, ಪ್ರಶ್ನೆ ಕೇಳುವವರಿಗೆ ಹೀಗೆ ರೇಗಿದರೆ ಯಾರು ಕೇಳುತ್ತಾರೆ?

ಮೇಡಂ: ಕೇಳಿ, ಉತ್ತರಿಸುತ್ತೇನೆ. ಗಿಡ ಸಾಯಿಸುವ ಫಾರ್ವರ್ಡಿಗೆ ಮೆತ್ತಗೆ ಮಾತಾಡಲು ನನ್ನಿಂದಾಗುವುದಿಲ್ಲ.

ಕಾರ್ಕಳ: ಕೆರೆದೆವು ಮೇಡಂ. ಫೋಟೋ ಹಾಕಿದ್ದೇನೆ. ಸುತ್ತಿನ ಕಾಲುಭಾಗ ಕಂದು, ಉಳಿದದ್ದು ಹಸಿರು. ಕಸಿ ಗಂಟು ಮಣ್ಣಿನೊಳಗೇ ಇತ್ತು.

ಮೇಡಂ: ಕಾಲುಭಾಗ ಆದರೆ ಉಳಿಯುವ ಸಾಧ್ಯತೆ ಚೆನ್ನಾಗಿದೆ. ಫೋಟೋದಲ್ಲಿ ಎಡಬದಿಯ ಅಂಚು ಇನ್ನೂ ಕಂದು ಉಂಟು, ಅಲ್ಲಿ ಇನ್ನೊಂದು ಬೆರಳಷ್ಟು ಕೆತ್ತಿ. ಈ ವರ್ಷ ಗೊಬ್ಬರ ಬೇಡ. ಹೂ ಬಂದರೂ ಚಿವುಟಿ. ಗಂಟು ಮತ್ತೆ ಮುಚ್ಚದ ಹಾಗೆ ನೋಡಿಕೊಳ್ಳಿ. ಗಿಡ ಹೋದರೆ ಅದೇ ಗುಂಡಿಯಲ್ಲಿ ಮತ್ತೆ ಸೇಬು ಇಡಬೇಡಿ. ಬೇರೆ ಕಡೆ ಎರಡು ಅಡಿ ದಿಬ್ಬ ಮಾಡಿ ಅದರ ಮೇಲೆ ಇಡಿ.